ಮೂರು ತಿಂಗಳು ಒಂದೇ ನೀರು

ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಕುಮಟೆಯಿಂದ ನಮ್ಮ ನ್ಯೂಜೆರ್ಸಿಯ ಮನೆಗೆ ಬಂದಳು. ಬಂದ ಮಾರನೆಯ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ನಿಂತು, ಮುಚ್ಚಳ ಹಾಕಿಟ್ಟಿದ್ದ ಹಾಟ್ ಟಬ್ ಕಡೆ, ಅಂದರೆ ಕೂತು ಮೀಯುವ ಬಿಸಿ ನೀರಿನ ತೊಟ್ಟಿಯ ಕಡೆ, ಕೈ ತೋರಿಸಿ ಕೇಳಿದಳು, "ಇದರ ನೀರು ಯಾವಾಗ ಬದಲಾಯಿಸ್ತೀರಿ?"

"ಮೂರು ತಿಂಗಳಿಗೊಮ್ಮೆ."

"ಮೂರು ತಿಂಗಳು ಒಂದೇ ನೀರಲ್ಲಿ ಮೀಯೂದಾ ತಂಗೀ!"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮೂರಿನಲ್ಲಿ ಸ್ನಾನ ಅಂದರೆ ಹರಿದು ಹೋಗುವ ನೀರು. ಹಂಡೆಯಿಂದ ತಂಬಿಗೆಯಲ್ಲಿ ಎತ್ತಿ ಮೈಮೇಲೆ ಹೊಯ್ದುಕೊಂಡ ನೀರು ತಿರುಗಿ ಹಂಡೆಗೆ ಬರುವುದಿಲ್ಲ. ಬಚ್ಚಲ ಕಂಡಿ ದಾಟಿ ಹಿತ್ತಿಲಿನ ಬಾಳೆಯ ಬುಡಕ್ಕೋ ಕೆಸುವಿನ ಗಿಡಗಳಿಗೋ ಹೋಗುತ್ತದೆ. ಹಂಡೆಗೆ ಕೈ ಅದ್ದಿದರೆ ಬೈಗುಳ ಬೀಳುವ ಮನೆಯಲ್ಲಿ ನಾನು ಬೆಳೆದದ್ದು. ಅಂಥ ಮನೆಯಲ್ಲಿ ಎಪ್ಪತ್ತು ವರ್ಷ ಕಳೆದವಳಿಗೆ, ನಾಲ್ಕೈದು ಜನ ಕೂತು ಎದ್ದ ನೀರಿಗೆ ಮರುದಿನ ಮತ್ತೆ ಇಳಿಯುವುದು ಸರಿ ಅನ್ನಿಸುವುದು ಹೇಗೆ? ಕೇಳುವವರಿಗೆ ಅದು ಮಡಿ ಮೈಲಿಗೆಯ ಮಾತು ಅನ್ನಿಸಬಹುದು. ಆದರೆ ಹಾಟ್ ಟಬ್ ಇಟ್ಟುಕೊಂಡವರು ದಿನಾ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ನಿಂತ ನೀರು, ಬಿಸಿ ನೀರು, ಮನುಷ್ಯರ ಮೈ ತಾಗಿದ ನೀರು. ಅದನ್ನು ಚೊಕ್ಕವಾಗಿ ಇಡುವುದು ಹೇಗೆ?

ಟಬ್ ನಾವು ಆಸೆಪಟ್ಟು ಕೊಂಡದ್ದಲ್ಲ. ಮನೆ ಕೊಂಡಾಗ ಜೊತೆಗೇ ಬಂತು. ಐದು ಜನ ಕೂರುವಷ್ಟು ದೊಡ್ಡದು, 400 ಗ್ಯಾಲನ್, ಅಂದರೆ ಸುಮಾರು 1,500 ಲೀಟರ್ ನೀರು ಹಿಡಿಯುತ್ತದೆ. ಮೊದಲ ಚಳಿಗಾಲದಲ್ಲಿ ಸುತ್ತ ಹಿಮ ಬಿದ್ದಿರುವಾಗ ಕುತ್ತಿಗೆ ತನಕ ಬಿಸಿ ನೀರಿನಲ್ಲಿ ಕೂತಾಗ ಅದರ ಬೆಲೆ ಗೊತ್ತಾಯಿತು. ಗಂಡನ ಬೆನ್ನುನೋವು, ನನ್ನ ಹೆಗಲು ಹಿಡಿತ, ಎರಡೂ ಇಳಿದವು.

ಇದರ ಹುಟ್ಟಿನ ಹಿಂದೆಯೂ ಒಂದು ನೋವಿನ ಕಥೆ ಇದೆ. ಇಂಥ ತೊಟ್ಟಿಗೆ ಜನ ಹೇಳುವ ಜಕೂಝಿ ಅನ್ನುವುದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಒಂದು ಕುಟುಂಬದ ಹೆಸರು. ಏಳು ಜನ ಅಣ್ಣತಮ್ಮಂದಿರು. ಮೊದಲು ವಿಮಾನದ ಪ್ರೊಪೆಲರ್ ಮಾಡಿದರು, ಆಮೇಲೆ ಬಾವಿಯ ಪಂಪ್. ಅವರಲ್ಲಿ ಕ್ಯಾಂಡಿಡೊ ಅನ್ನುವವರ ಮಗ ಕೆನೆತ್‌ಗೆ ಎಳೆಯ ವಯಸ್ಸಿನಲ್ಲೇ ಸಂಧಿವಾತ ಬಂತು. ಆಸ್ಪತ್ರೆಯಲ್ಲಿ ಸುಳಿಯುವ ನೀರಿನಲ್ಲಿ ಕೂರಿಸಿದಾಗ ಹುಡುಗನ ನೋವು ಕಡಿಮೆಯಾಗುತ್ತಿತ್ತು. ಅದನ್ನು ನೋಡಿ ಅಪ್ಪ ಮನೆಯ ಸ್ನಾನದ ತೊಟ್ಟಿಗೆ ಇಳಿಬಿಡುವ ಪಂಪ್ ಒಂದನ್ನು ಮಾಡಿದರು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಶ್ರೀಮಂತರ ಶೋಕಿ ಅಂತ ನಾವು ತಿಳಿಯುವ ವಸ್ತು ಶುರುವಾದದ್ದು ಒಬ್ಬ ಮಗುವಿನ ಕೀಲುನೋವಿಗೆ. ಆಯಿಯ ಮಂಡಿ ನೋಡಿದಾಗೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ.

ಆದರೆ ಮೊದಲ ವರ್ಷ ನೀರನ್ನು ನೋಡಿಕೊಳ್ಳಲು ನನಗೆ ಬರಲಿಲ್ಲ. ಅಂಗಡಿಯಲ್ಲಿ ಕೊಟ್ಟ ಬಿಳಿ ಕ್ಲೋರಿನ್ ಹರಳುಗಳನ್ನು ಚಮಚದ ಲೆಕ್ಕದಲ್ಲಿ ಹಾಕುತ್ತಿದ್ದೆ. ಮೊದಲ ತಿಂಗಳು ನೀರು ಚೆನ್ನಾಗಿತ್ತು. ಎರಡನೆಯ ತಿಂಗಳು ಮಂಕಾಯಿತು. ಬಣ್ಣದ ಪಟ್ಟಿ ಅದ್ದಿ ನೋಡಿದರೆ ಕ್ಲೋರಿನ್ ಇದೆ ಅಂತಲೇ ತೋರಿಸುತ್ತಿತ್ತು. ಒಂದು ಶನಿವಾರ ಮಗಳು ಗೆಳತಿಯ ಜೊತೆ ಟಬ್ಬಿನಲ್ಲಿ ಆಟವಾಡಿ ಬಂದಳು. ಎರಡು ದಿನ ಬಿಟ್ಟು ಈಜುಡುಗೆ ಮುಚ್ಚಿದ್ದ ಜಾಗದಲ್ಲೆಲ್ಲ ಕೆಂಪು ಗುಳ್ಳೆ. ನೋಡಿದ ಕೂಡಲೇ ಡಾಕ್ಟರ್ ಕೇಳಿದ್ದು, "ನಿಮ್ಮ ಮನೆಯಲ್ಲಿ ಹಾಟ್ ಟಬ್ ಇದೆಯಾ?" ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಸೇರಿ ಆಗುವ ಗುಳ್ಳೆ ಅದು. ವಾರದಲ್ಲಿ ತಾನಾಗಿ ಹೋಯಿತು. ಆದರೆ ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಚ್ಚಗಿನ ನೀರಿನ ಹಬೆಯಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಕೂಡ ಇರಬಹುದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಅಂತ ಓದಿದ ಮೇಲಂತೂ ಟಬ್‌ನ ಮುಚ್ಚಳ ತೆಗೆಯಲೇ ಮನಸ್ಸಾಗಲಿಲ್ಲ.

ತಪ್ಪು ಎಲ್ಲಾಯಿತು ಅಂತ ಹುಡುಕಿದೆ. ನಾನು ಹಾಕುತ್ತಿದ್ದ ಹರಳಿನ ಹೆಸರು ಡೈಕ್ಲೋರ್. ಅದರಲ್ಲಿ ಕ್ಲೋರಿನ್ ಒಂದೇ ಇರುವುದಿಲ್ಲ, ಸಯನ್ಯೂರಿಕ್ ಆಮ್ಲವೂ ಇರುತ್ತದೆ. ಪೂಲ್ ಅಂಗಡಿಯವರು ಅದನ್ನು ಸ್ಟೆಬಿಲೈಜರ್ ಅನ್ನುತ್ತಾರೆ. ಸ್ವಲ್ಪ ಇದ್ದರೆ ಅದು ಒಳ್ಳೆಯದೇ. ಕ್ಲೋರಿನ್ನಿನ ಖಾರ ಮೈಗೆ ಹತ್ತದಂತೆ ತಡೆಯುತ್ತದೆ. ಆದರೆ ಡೈಕ್ಲೋರ್‌ನಿಂದ 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಹತ್ತು ಪಾಲು) ಕ್ಲೋರಿನ್ ಸೇರಿದರೆ ಜೊತೆಗೆ 9 ಪಿಪಿಎಂ ಸ್ಟೆಬಿಲೈಜರ್ ಸೇರುತ್ತದೆ. ಕ್ಲೋರಿನ್ ಕೆಲಸ ಮಾಡಿ ಮುಗಿಯುತ್ತದೆ, ಸ್ಟೆಬಿಲೈಜರ್ ಅಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಅದು ಜಾಸ್ತಿಯಾಗಿ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಪಟ್ಟಿಯಲ್ಲಿ ಕ್ಲೋರಿನ್ ಕಾಣುತ್ತದೆ, ನೀರಿನಲ್ಲಿ ಅದರ ಕೈ ಓಡುವುದಿಲ್ಲ.

ಅಲ್ಲಿಂದ ಉಪ್ಪಿನ ಯಂತ್ರದ ಕಡೆ ಬಂದೆ.

ಯಂತ್ರ ಅಂದರೆ ದೊಡ್ಡದೇನಲ್ಲ. ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಗೂಡು. ಒಳಗೆ ಒಂದರ ಪಕ್ಕ ಒಂದು ನಿಲ್ಲಿಸಿದ ತೆಳು ತಗಡುಗಳು. ಟೈಟಾನಿಯಂ ತಗಡು, ಅದರ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡ್‌ಗಳ ಲೇಪ. ಆ ಗೂಡನ್ನು ವೈರಿನ ಸಮೇತ ಟಬ್‌ನ ಅಂಚಿನಿಂದ ನೀರಿಗೆ ಇಳಿಬಿಡಬೇಕು. ನೀರಿಗೆ ಮೊದಲೇ ಉಪ್ಪು ಬೆರೆಸಿರಬೇಕು. ಸ್ವಿಚ್ ಹಾಕಿ ಒಂದೆರಡು ನಿಮಿಷ ಬಗ್ಗಿ ನೋಡಿದರೆ ತಗಡುಗಳ ನಡುವಿನಿಂದ ಹಾಲಿನ ಹೊಗೆಯಂಥದ್ದು ಏಳುತ್ತದೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು. ಅವು ಹೈಡ್ರೋಜನ್. ಮೊದಲ ಸಲ ಅದನ್ನು ನೋಡುತ್ತ ಎಷ್ಟು ಹೊತ್ತು ಮಂಡಿಯೂರಿ ಕೂತಿದ್ದೆನೋ ನೆನಪಿಲ್ಲ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರು ನಡೆಯುತ್ತಿತ್ತು.

ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್. ಕರೆಂಟ್ ಹರಿದಾಗ ಒಂದು ತಗಡಿನಲ್ಲಿ ಕ್ಲೋರೈಡ್ ಹೋಗಿ ಕ್ಲೋರಿನ್ ಆಗುತ್ತದೆ. ಅದು ಅಲ್ಲೇ ನೀರಿನಲ್ಲಿ ಕರಗಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣು ಕೊಲ್ಲುವುದು ಈ ಆಮ್ಲವೇ. ಇನ್ನೊಂದು ತಗಡಿನಲ್ಲಿ ನೀರು ಒಡೆದು ಹೈಡ್ರೋಜನ್ ಮೇಲೇಳುತ್ತದೆ. ನನಗೆ ಅತಿ ಇಷ್ಟವಾದದ್ದು ಮುಂದಿನ ಭಾಗ. ಬ್ಯಾಕ್ಟೀರಿಯಾ, ಬೆವರು, ಜಿಡ್ಡಿನ ಮೇಲೆ ಕೆಲಸ ಮುಗಿಸಿದ ಕ್ಲೋರಿನ್ ತಿರುಗಿ ಕ್ಲೋರೈಡ್ ಆಗುತ್ತದೆ, ಅಂದರೆ ಮತ್ತೆ ಉಪ್ಪು. ಹಾಕಿದ ಉಪ್ಪು ಖರ್ಚಾಗುವುದಿಲ್ಲ. ನೀರು ಚೆಲ್ಲಿದರೆ, ಮೈಗೆ ಅಂಟಿ ಹೊರಗೆ ಹೋದರೆ ಅಷ್ಟು ಕಡಿಮೆ, ಅಷ್ಟೇ.

ಇದೇ ಕೆಲಸವನ್ನು ಕಾಸ್ಟಿಕ್ ಸೋಡಾ ಕಾರ್ಖಾನೆಗಳು ದೊಡ್ಡದಾಗಿ ಮಾಡುತ್ತವೆ. ಕಾರವಾರಕ್ಕೆ ಹೋಗುವಾಗ ಬಿಣಗಾದಲ್ಲಿ ಬಸ್ಸಿನ ಕಿಟಕಿಯಿಂದ ಅಂಥ ಕಾರ್ಖಾನೆ ನೋಡುತ್ತಿದ್ದೆ. ಒಳಗೆ ಏನು ನಡೆಯುತ್ತದೆ ಅಂತ ಆಗ ಯಾರನ್ನೂ ಕೇಳಿರಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಉಪ್ಪಿನ ನೀರು ಅಂದರೆ ಕ್ಲೋರಿನ್ ಇಲ್ಲದ ನೀರು" ಅಂತ ಎಷ್ಟೋ ಜನ ನಂಬಿದ್ದಾರೆ. ನನಗೆ ಯಂತ್ರ ಮಾರಿದವರೂ "ಇನ್ನು ಕೆಮಿಕಲ್ ಚಿಂತೆ ಬಿಡಿ, ಉಪ್ಪು ಸಾಕು" ಅಂದಿದ್ದರು. ಅದು ಸುಳ್ಳು. ಉಪ್ಪು ಸುಮ್ನೆ ರೋಗಾಣು ಕೊಲ್ಲುವುದಿಲ್ಲ. ಆ ಪ್ರಮಾಣದಲ್ಲಂತೂ ಸಾಧ್ಯವೇ ಇಲ್ಲ. ಕೊಲ್ಲುವುದು ಕ್ಲೋರಿನ್ನೇ. ಬಾಟಲಿಯಿಂದ ಸುರಿಯುವ ಬದಲು ನೀರಿನಲ್ಲೇ, ಸ್ವಲ್ಪ ಸ್ವಲ್ಪವಾಗಿ, ದಿನವಿಡೀ ಹುಟ್ಟುತ್ತದೆ. ಜೊತೆಗೆ ಸ್ಟೆಬಿಲೈಜರ್ ಏರುವುದಿಲ್ಲ. ಲಾಭ ಇರುವುದು ಇಲ್ಲಿ, ಅದು ಸಣ್ಣ ಲಾಭವೇನಲ್ಲ. ಆದರೆ ಕ್ಲೋರಿನ್ ಇಲ್ಲ ಅಂತ ತಿಳಿದು ನೀರು ಪರೀಕ್ಷೆ ಮಾಡುವುದನ್ನು ಬಿಟ್ಟವರ ಮನೆಯಲ್ಲಿ ಮತ್ತೆ ಅದೇ ಕೆಂಪು ಗುಳ್ಳೆ ಏಳುತ್ತದೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಟ್ ಟಬ್‌ಗೆ ಕಡಿಮೆ ಅಂದರೂ 3 ಪಿಪಿಎಂ ಕ್ಲೋರಿನ್ ಇರಬೇಕು, ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅಂತ ತೋರಿಸುವ ಪಿಎಚ್ 7.0ರಿಂದ 7.8ರ ಒಳಗಿರಬೇಕು ಅನ್ನುತ್ತದೆ. ನಾನು 3ರಿಂದ 5ರ ನಡುವೆ ಇಟ್ಟುಕೊಳ್ಳುತ್ತೇನೆ. ಪಟ್ಟಿ ಬಿಟ್ಟು ಹನಿ ಎಣಿಸುವ ಕಿಟ್ ತಂದೆ. ಪುಟ್ಟ ಕೊಳವೆಯಲ್ಲಿ 10 ಮಿಲಿಲೀಟರ್ ನೀರು, ಅದಕ್ಕೊಂದು ಚಿಟಿಕೆ ಪುಡಿ. ಕ್ಲೋರಿನ್ ಇದ್ದರೆ ನೀರು ದಾಸವಾಳದ ಕೆಂಪಿಗೆ ತಿರುಗುತ್ತದೆ. ಆಮೇಲೆ ಇನ್ನೊಂದು ಸೀಸೆಯಿಂದ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ಬಣ್ಣ ತಿಳಿಯಾಗುತ್ತ ಬಂದು, ಒಂದು ಹನಿಗೆ ಥಟ್ಟನೆ ಬಿಳಿ ನೀರಾಗಿಬಿಡುತ್ತದೆ. ಒಂದು ಹನಿ ಅಂದರೆ ಅರ್ಧ ಪಿಪಿಎಂ. ಎಂಟು ಹನಿ ಹಿಡಿದರೆ ನಾಲ್ಕು. ಅಂದಾಜಿನ ಮಾತೇ ಇಲ್ಲ. ಸಂಜೆ ಹೊತ್ತು ಈ ಹನಿ ಎಣಿಸುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ಅವಳು ಎಣಿಸಿ ಹೇಳದೆ ಯಾರೂ ಇಳಿಯುವ ಹಾಗಿಲ್ಲ.

ಆಯಿಗೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಯೋಚಿಸಿದ್ದೆ. ಅವಳೇ ದಾರಿ ತೋರಿಸಿದಳು. ಪೂರ್ತಿ ಕೇಳಿ, "ಹಾಗಾದ್ರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಹಾಗೇ ಅಲ್ವಾ?" ಅಂದಳು. ಮಳೆಗಾಲದಲ್ಲಿ ಪಂಚಾಯ್ತಿಯವರು ಬಂದು ಬಾವಿಗೆ ಹಾಕಿ ಹೋಗುವ ಬಿಳಿ ಪುಡಿ. ಎರಡು ದಿನ ಆ ನೀರಿನ ಚಹಾ ಕುಡಿಯಲಾಗುತ್ತಿರಲಿಲ್ಲ. ಹೌದು, ಅದೇ. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಬೂಂಟನ್ ಅಂತ ಒಂದು ಊರಿದೆ. ಅಲ್ಲಿನ ಜಲಾಶಯದಿಂದ ಜೆರ್ಸಿ ಸಿಟಿಗೆ ನೀರು ಹೋಗುತ್ತದೆ. ಡಾಕ್ಟರ್ ಜಾನ್ ಲೀಲ್ ಅನ್ನುವವರು 1908ರ ಸೆಪ್ಟೆಂಬರ್ 26ರಂದು ಆ ನೀರಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಬೆರೆಸಲು ಶುರುಮಾಡಿದರು. ಅಮೆರಿಕದಲ್ಲಿ ಒಂದು ಊರಿನ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸಿದ್ದು ಅದೇ ಮೊದಲು. ನೀರಿಗೆ ವಿಷ ಹಾಕುತ್ತಾರೆ ಅಂತ ಜನ ಹೆದರುತ್ತಿದ್ದ ಕಾಲ. ಕೋರ್ಟಿನಲ್ಲಿ ನಿಂತು ಅವರು ಉತ್ತರ ಹೇಳಬೇಕಾಯಿತು. ಒಂದು ಭಾನುವಾರ ಆಯಿಯನ್ನು ಕರೆದುಕೊಂಡು ಹೋಗಿ ಆ ಜಲಾಶಯ ತೋರಿಸಿದೆ. ಎಲೆ ಕೆಂಪಾಗಿದ್ದ ಮರಗಳು, ತಣ್ಣಗೆ ಮಲಗಿದ್ದ ನೀರು. ಅವಳು ಕೈಮುಗಿದಳು. ನೀರಿಗೋ ಡಾಕ್ಟರರಿಗೋ ನಾನು ಕೇಳಲಿಲ್ಲ.

ಉಪ್ಪಿನ ವಿಷಯಕ್ಕೂ ಆಯಿಯದೊಂದು ಪ್ರಶ್ನೆ ಇತ್ತು. "ನಮ್ಮ ಸಾಣಿಕಟ್ಟೆ ಉಪ್ಪು ಹಾಕಿದ್ರೆ ಆಗ್ತಿರಲಿಲ್ವಾ?"

ಗೋಕರ್ಣದ ಹತ್ತಿರ, ಅಘನಾಶಿನಿ ಸಮುದ್ರ ಸೇರುವಲ್ಲಿ, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಭರತದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಎಳೆದು ರಾಶಿ ಹಾಕುತ್ತಾರೆ. ಚೂರು ಕಂದು ಬಣ್ಣದ ಆ ಹರಳುಪ್ಪಿನ ರುಚಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿದವರಿಗೆ ಗೊತ್ತು. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಉಳಿದಿರುತ್ತದೆ. ಊಟಕ್ಕೆ ಚೆನ್ನ, ಆದರೆ ಈ ತಗಡುಗಳಿಗೆ ಆಗದು. ಕ್ಯಾಲ್ಸಿಯಂ ಬಂದು ಸುಣ್ಣವಾಗಿ ಕಟ್ಟಿಕೊಳ್ಳುತ್ತದೆ. ಅಡುಗೆಯ ಪುಡಿ ಉಪ್ಪೂ ಬೇಡ, ಅದರಲ್ಲಿ ಅಯೋಡಿನ್ ಮತ್ತು ಗಟ್ಟಿಯಾಗದಂತೆ ಹಾಕುವ ಪುಡಿ ಇರುತ್ತದೆ. ಏನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ ಬೇಕು. ಪೂಲ್‌ಗೆ ಅಂತಲೇ ಮೂಟೆಯಲ್ಲಿ ಸಿಗುತ್ತದೆ.

ನಮ್ಮ ಯಂತ್ರಕ್ಕೆ ಬೇಕಾದ್ದು 2,000 ಪಿಪಿಎಂ. ಲೀಟರಿಗೆ 2 ಗ್ರಾಂ. 1,500 ಲೀಟರಿಗೆ 3 ಕಿಲೋ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ, ನಮ್ಮ ಮನೆಯ ಸಾರಿನಲ್ಲೂ ಟಬ್ಬಿನ ನೀರಿನ ಮೂರು ಪಟ್ಟಾದರೂ ಇರುತ್ತದೆ. ಹಾಗಾಗಿ ಟಬ್‌ನ ನೀರು ತುಟಿಗೆ ತಾಗಿದರೂ ಉಪ್ಪು ಅಂತ ಗೊತ್ತಾಗುವುದು ಕಷ್ಟ. ಮೂರು ಕಿಲೋ ಉಪ್ಪನ್ನು ಮರಿಗೆಯಲ್ಲಿ ಹಿಡಿದು, ಪಂಪ್ ಓಡಿಸಿಕೊಂಡು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಪೂರ್ತಿ ಕರಗಿದ ಮೇಲೇ ಯಂತ್ರಕ್ಕೆ ಕರೆಂಟ್ ಕೊಡುವುದು. ನಾನು ಒಂದು ದಿನ ಬಿಡುತ್ತೇನೆ.

ಮೊದಲ ಎರಡು ತಿಂಗಳು ನನ್ನನ್ನು ಕಾಡಿದ್ದು ಪಿಎಚ್. ವಾರಕ್ಕೆರಡು ಸಲ 8ರ ಮೇಲೆ ಹೋಗುತ್ತಿತ್ತು. ಆಮ್ಲ ಹಾಕಿ ಇಳಿಸಿದರೆ ಮೂರು ದಿನದಲ್ಲಿ ಮತ್ತೆ ಅಲ್ಲೇ. ಸ್ಟೆಬಿಲೈಜರ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಭಾಗ ಚುರುಕಾದ ರೂಪದಲ್ಲಿರುತ್ತದೆ. 8 ಆದರೆ ಹೆಚ್ಚುಕಡಿಮೆ ಕಾಲು ಭಾಗ. ಸ್ಟೆಬಿಲೈಜರ್ ಇದ್ದರೆ ಅಷ್ಟು ವ್ಯತ್ಯಾಸ ಬರುವುದಿಲ್ಲ, ಆದರೆ ಪಿಎಚ್ ಏರಿದ ಬಿಸಿ ನೀರಿನಲ್ಲಿ ಸುಣ್ಣ ಬೇಗ ಕಟ್ಟುತ್ತದೆ. ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಕಾರಣ ಗಾಳಿ. ಜೆಟ್ ಹಾಕಿದಾಗ ನೀರು ಬುಸುಗುಟ್ಟಿ ನೊರೆಯೇಳುತ್ತದೆ, ಯಂತ್ರದಿಂದಲೂ ಸಣ್ಣ ಗುಳ್ಳೆ ಏಳುತ್ತಲೇ ಇರುತ್ತವೆ. ಆ ಗುಳ್ಳೆಗಳು ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡನ್ನು ಹೊತ್ತುಕೊಂಡು ಹೋಗುತ್ತವೆ. ಸೋಡಾ ಬಾಟಲಿ ಅಲ್ಲಾಡಿಸಿ ಮುಚ್ಚಳ ತೆಗೆದ ಹಾಗೆ. ಅದು ಹೋದಷ್ಟೂ ಪಿಎಚ್ ಏರುತ್ತದೆ. ನೀರಿನ ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಜಾಸ್ತಿ ಇದ್ದರೆ ಹೋಗಲು ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಇರುತ್ತದೆ.

ಪೂಲ್ ಅಂಗಡಿಯ ಚಾರ್ಟಿನಲ್ಲಿ ಆಲ್ಕಲಿನಿಟಿ 80ರಿಂದ 120 ಇರಲಿ ಅಂತ ಬರೆದಿರುತ್ತದೆ. ನಾನು ಅದನ್ನು ನಂಬಿ ಅಡುಗೆ ಸೋಡಾ ಹಾಕಿ ಹಾಕಿ ಏರಿಸುತ್ತಿದ್ದೆ. ಅಂದರೆ ನಾನೇ ಪಿಎಚ್ ಏರುವುದಕ್ಕೆ ದಾರಿ ಮಾಡಿಕೊಡುತ್ತಿದ್ದೆ. ಈಗ ಆಮ್ಲ ಹಾಕಿ 50–60ಕ್ಕೆ ಇಳಿಸಿ ಇಟ್ಟಿದ್ದೇನೆ. ಜೊತೆಗೆ 50 ಪಿಪಿಎಂ ಬೋರೇಟ್ ಅನ್ನುವ ಲವಣ, ಅದು ಪಿಎಚ್‌ ಅನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸ್ಟೆಬಿಲೈಜರ್ ಒಮ್ಮೆ 30ಕ್ಕೆ ತಂದು ಬಿಟ್ಟರೆ ಮುಗಿಯಿತು. ಪಿಎಚ್ ಈಗ 7.6–7.7ರಲ್ಲಿ ವಾರಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಯಂತ್ರ ಕೊಂಡು ಒಂದೇ ತಿಂಗಳಿಗೆ ಬೇಸತ್ತು ತೆಗೆದಿಟ್ಟವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಇಬ್ಬರ ಕಷ್ಟವೂ ಇದೇ ಆಗಿತ್ತು. ಆಮ್ಲ ಮುಟ್ಟುವವರು ಒಂದು ನೆನಪಿಡಿ, ಆಮ್ಲ ಮತ್ತು ಬ್ಲೀಚ್ ಯಾವತ್ತೂ ಒಟ್ಟಿಗೆ ಸೇರಬಾರದು. ಒಂದೇ ಚಮಚ, ಒಂದೇ ಲೋಟವೂ ಬೇಡ. ವಿಷದ ಗಾಳಿ ಏಳುತ್ತದೆ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಊರಿನಲ್ಲಿ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಹೊಸ ನೀರು ತುಂಬಿ, ಹಿಂಡಲಕಾಯಿ ಬಳ್ಳಿ ಕಟ್ಟುತ್ತೇವೆ. ಇಲ್ಲಿ ಹಂಡೆ ಎಲ್ಲಿಂದ ಬರಬೇಕು? ಆಯಿ ಟಬ್‌ನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಳು. ಅಂದರೆ ಅವಳ ಮನಸ್ಸು ಅಷ್ಟರಲ್ಲಿ ಒಪ್ಪಿತ್ತು. ಮರುದಿನ ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಹಚ್ಚಿದಳು. ನನ್ನ ನಾದಿನಿಯ ಮನೆಯವರೂ ಬಂದಿದ್ದರು. ಮಕ್ಕಳು ಸೀಗೆಪುಡಿ ಹಾಕಿಕೊಂಡ ಶಾಸ್ತ್ರ ಮಾಡಿ, ಎರಡು ತಂಬಿಗೆ ಸುರಿದುಕೊಂಡು, ಓಡಿ ಹೋಗಿ ಟಬ್‌ಗೆ ಇಳಿದರು. "ಸರಿಯಾಗಿ ಮಿಂದು ಇಳೀರಿ, ಎಣ್ಣೆ ಹೋಗಲಿಲ್ಲ" ಅಂತ ಆಯಿ ಹಿಂದಿನಿಂದ ಕೂಗಿದಳು. ಹಬ್ಬದ ಗಡಿಬಿಡಿ. ಅಡುಗೆಯಲ್ಲಿ ಮುಳುಗಿದ್ದ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಹೊತ್ತಿಗೆ ನೀರಿನ ಮೇಲೆ ನೊರೆ. ಟಬ್‌ನ ಸುತ್ತ ನೀರಿನ ಮಟ್ಟದಲ್ಲಿ ಹಳದಿ ಜಿಡ್ಡಿನ ಗೆರೆ. ಕೊಳವೆಗೆ ಪುಡಿ ಹಾಕಿದೆ, ನೀರು ಕೆಂಪಾಗಲೇ ಇಲ್ಲ. ಕ್ಲೋರಿನ್ ಸೊನ್ನೆ.

ಯಂತ್ರವನ್ನು ಪೂರ್ತಿ ಏರಿಸಿಟ್ಟೆ. ಒಂದು ದಿನ, ಎರಡು ದಿನ, ಮೂರು ದಿನ. ಸೊನ್ನೆಯೇ. ಆಗಲೇ ನಾನು ಕಾಗದ ಪೆನ್ನು ಹಿಡಿದು ಲೆಕ್ಕಕ್ಕೆ ಕೂತಿದ್ದು. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ, ಏನೂ ನಷ್ಟವಾಗದಿದ್ದರೆ, ಹುಟ್ಟುವ ಕ್ಲೋರಿನ್ 1.32 ಗ್ರಾಂ. ಫ್ಯಾರಡೆಯ ನಿಯಮ, ಅದನ್ನು ಮೀರುವ ಯಂತ್ರ ಇಲ್ಲ. ನಮ್ಮ 1,500 ಲೀಟರಿನಲ್ಲಿ 1 ಪಿಪಿಎಂ ಏರಬೇಕಾದರೆ 1.5 ಗ್ರಾಂ ಬೇಕು. ಇಬ್ಬರು ಅರ್ಧ ಗಂಟೆ ಕೂತು ಎದ್ದರೆ ನಮ್ಮ ಟಬ್‌ನಲ್ಲಿ ಮಾರನೆಯ ಬೆಳಿಗ್ಗೆಗೆ 5–6 ಪಿಪಿಎಂ ಖರ್ಚಾಗಿರುತ್ತದೆ, ಅಷ್ಟನ್ನು ಯಂತ್ರ ಮರುಸಂಜೆಯೊಳಗೆ ತುಂಬಿಕೊಡುತ್ತದೆ. ಎಣ್ಣೆ ಮೈಯ ಆರು ಮಕ್ಕಳಿಗೆ ಅದರ ಶಕ್ತಿ ಎಲ್ಲಿ ಸಾಕು? ದಿನದ ಸಣ್ಣ ಖರ್ಚಿಗೆ ಅಂತ ಮಾಡಿದ ಯಂತ್ರ ಅದು. ನೆಂಟರು ಬಂದ ದಿನ ಕೈಯಿಂದ ಹಾಕಲೇಬೇಕು. ನಮ್ಮ ಟಬ್‌ಗೆ ಪರಿಮಳ ಸೇರಿಸದ 6 ಪರ್ಸೆಂಟಿನ ಬ್ಲೀಚ್ 100 ಮಿಲಿಲೀಟರ್ ಹಾಕಿದರೆ 4 ಪಿಪಿಎಂ ಏರುತ್ತದೆ. ಹಾಕಿದೆ. ರಾತ್ರಿ ಹಾಕಿದ್ದು ಬೆಳಿಗ್ಗೆ ಇಲ್ಲ. ಮತ್ತೆ ಹಾಕಿದೆ. ಫಿಲ್ಟರ್ ಹೊರಗೆ ತೆಗೆದರೆ ಮಡಿಕೆ ಮಡಿಕೆಯಲ್ಲೂ ಕೊಬ್ಬರಿ ಎಣ್ಣೆ ಅಂಟಿತ್ತು. ಐದನೆಯ ದಿನ ಸೋತೆ. ಪೈಪಿನ ಒಳಗಿನ ಲೋಳೆ ಬಿಡಿಸುವ ದ್ರಾವಣ ಹಾಕಿ, ಪಂಪ್ ಓಡಿಸಿ, ಕಂದು ನೊರೆ ಎದ್ದದ್ದನ್ನು ಒರೆಸಿ, ನೀರು ಪೂರ್ತಿ ಖಾಲಿ ಮಾಡಿದೆ.

ಟಬ್ ಒರೆಸುವಾಗ ಆಯಿ ಹಳೆಯ ಹತ್ತಿ ಸೀರೆಯ ತುಂಡು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಬೈಯಲಿಲ್ಲ. "ನೀರಿಗೆ ಇಳಿಯೋ ಮೊದಲು ಮೈ ಚೊಕ್ಕ ಇರಬೇಕು. ದೇವಸ್ಥಾನದ ಕೆರೆಗೂ ಹಾಗೇ ಅಲ್ವಾ, ಮೆಟ್ಟಿಲ ಮೇಲೆ ಕೈಕಾಲು ತೊಳೆದೇ ಇಳೀತೇವೆ" ಅಂದಳು. ಅವತ್ತಿನಿಂದ ಮನೆಯ ನಿಯಮ ಬದಲಾಯಿತು. ಟಬ್‌ಗೆ ಇಳಿಯುವ ಮೊದಲು ಎಲ್ಲರೂ ಸೋಪು ಹಚ್ಚಿ ಬಿಸಿ ನೀರಿನಲ್ಲಿ ಸ್ನಾನ ಮುಗಿಸಬೇಕು. ಲೋಷನ್, ತಲೆಗೆಣ್ಣೆ ಇರಬಾರದು. ಈಜುಡುಗೆಯನ್ನು ಸೋಪಿನ ಪುಡಿ ಇಲ್ಲದೆ ಬರೀ ನೀರಿನಲ್ಲಿ ಜಾಲಿಸಬೇಕು.

ಇದರಿಂದ ಏನಾಯಿತು ಅಂತ ಹನಿ ಎಣಿಸಿಯೇ ಹೇಳುತ್ತೇನೆ. ಮೊದಲು ಇಬ್ಬರು ಕೂತ ರಾತ್ರಿ ಹತ್ತು ಹನ್ನೆರಡು ಹನಿಯಷ್ಟು ಇಳಿಯುತ್ತಿದ್ದ ಕ್ಲೋರಿನ್ ಈಗ ಆರೇಳು ಹನಿ ಇಳಿಯುತ್ತದೆ. ಯಂತ್ರವನ್ನು ಅರ್ಧಕ್ಕೆ ಇಳಿಸಿದ್ದೇನೆ. ನೀರು ಗಾಜಿನ ಹಾಗಿದೆ. ವಾಸನೆ ಇಲ್ಲ. ಈಜುಕೊಳದ ಹತ್ತಿರ ಹೋದಾಗ ಮೂಗಿಗೆ ಹೊಡೆಯುವ ವಾಸನೆ ಕ್ಲೋರಿನ್ ಜಾಸ್ತಿಯಾದದ್ದರಿಂದ ಬರುತ್ತದೆ ಅಂತ ನಾವು ತಿಳಿಯುತ್ತೇವೆ. ಬೆವರು ಮತ್ತು ಮೂತ್ರದಲ್ಲಿರುವ ಸಾರಜನಕದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಮೈ ತೊಳೆದು ಇಳಿದರೆ ಅದಕ್ಕೆ ಬೇಕಾದ ಸರಕೇ ನೀರಿಗೆ ಹೋಗುವುದಿಲ್ಲ. ಸಾವಿರಾರು ರೂಪಾಯಿಯ ಯಂತ್ರ, ಕಿಟ್, ಲೆಕ್ಕಾಚಾರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಬ್ಬದ ದಿನ ಆಯಿ ಕೂಗಿ ಹೇಳಿದ ಮಾತು.

ಡಿಸೆಂಬರಿನಿಂದ ಅವಳೂ ಇಳಿದಳು. ಡಾಕ್ಟರನ್ನು ಕೇಳಿಕೊಂಡೇ ಶುರುಮಾಡಿದೆವು, ಅವಳಿಗೆ ಬಿಪಿ ಇದೆ. ಟಬ್ 40 ಡಿಗ್ರಿ ತನಕ ಹೋಗುತ್ತದೆ, ಅವಳಿಗೆ 37 ಸಾಕು, ಹದಿನೈದು ನಿಮಿಷದ ಮೇಲೆ ಬೇಡ. ನನ್ನ ಹಳೆಯ ಚೂಡಿದಾರ ಹಾಕಿಕೊಂಡು, ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಜೆಟ್‌ನ ಎದುರು ಮಂಡಿ ಹಿಡಿದು ಕೂರುತ್ತಿದ್ದಳು. ಮುಖದ ಮೇಲೆ ಹಿಮದ ಎಸಳು ಬಿದ್ದು ಕರಗುತ್ತಿತ್ತು. ನೀರಿನ ಒಳಗೆ ಅವಳ ಮೈ ಭಾರ ಇಳಿಯುತ್ತಿದ್ದುದು ನನ್ನ ಕೈಗೆ ಗೊತ್ತಾಗುತ್ತಿತ್ತು. ಹೊರಗೆ ಬಂದ ಮೇಲೆ ಒಂದೆರಡು ತಾಸು ಕೋಲು ಹಿಡಿಯದೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಮಂಡಿ ಗುಣವಾಯಿತು ಅಂತ ನಾನು ಹೇಳುವುದಿಲ್ಲ. ಆ ಒಂದೆರಡು ತಾಸು ಅವಳದಾಯಿತು.

ಜನವರಿಯಲ್ಲಿ ಯಂತ್ರದ ದೀಪ ಕೆಂಪಾಯಿತು. ಹೊರಗೆ ತೆಗೆದರೆ ತಗಡುಗಳ ನಡುವೆ ಬಿಳಿ ಸುಣ್ಣ. ದಿನಾ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಕರೆಂಟಿನ ದಿಕ್ಕನ್ನು ಆಗಾಗ ಬದಲಾಯಿಸಿ ಸುಣ್ಣ ಉದುರಿಸುವ ವ್ಯವಸ್ಥೆ ಯಂತ್ರದಲ್ಲೇ ಇರುತ್ತದೆ, ಆದರೆ ಇಲ್ಲಿನ ನೀರು ಗಡಸು. ಗೂಡನ್ನು ವಿನೆಗರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ತಗಡು ಕಪ್ಪಗೆ, ಚೊಕ್ಕಟವಾಗಿತ್ತು. ಚಾಕು, ತಂತಿಬ್ರಶ್ಶಿನಿಂದ ಕೆರೆಯಬಾರದು, ಲೇಪ ಹೋಗುತ್ತದೆ. ಲೇಪ ಹೋದರೆ ಯಂತ್ರ ಹೋದಂತೆ.

ಮಾರ್ಚಿನಲ್ಲಿ ಆಯಿ ಹೊರಡುವ ವಾರ ನೀರು ಬದಲಾಯಿಸುವ ದಿನ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಕುಂಡದಲ್ಲಿ ಅವಳು ಬಸಳೆ ಹಚ್ಚಿದ್ದಳು, ಹಿತ್ತಿಲಿನಲ್ಲಿ ಮಡಿ ಮಾಡಿ ಇಟ್ಟಿದ್ದಳು. ಪೈಪು ಹಿಡಿದು ಹೊರಟಾಗ ಕೇಳಿದಳು, "ಇಷ್ಟು ನೀರು ಸುಮ್ನೆ ಗಟಾರಕ್ಕಾ? ಮಡಿಗೆ ಬಿಡೂಕಾಗೂದಿಲ್ವಾ?"

"ಉಪ್ಪಿದೆ ಆಯಿ. ಮಣ್ಣು ಹಾಳಾಗ್ತದೆ. ಬಸಳೆ ಸುಟ್ಟು ಹೋಗ್ತದೆ."

ಅವಳು ಸ್ವಲ್ಪ ಹೊತ್ತು ನೀರನ್ನು ನೋಡುತ್ತ ನಿಂತಳು.

"ತೆಂಗಿನ ಮರಕ್ಕಾದ್ರೆ ನಾವೇ ಉಪ್ಪು ಹಾಕ್ತೇವೆ. ಇಲ್ಲಿ ಒಂದು ತೆಂಗಿನ ಮರ ಇದ್ದಿದ್ರೆ."

ಒಳಚರಂಡಿಯ ಬಾಯಿಗೆ ಪೈಪು ಸಿಕ್ಕಿಸಿ ಪಂಪ್ ಹಾಕಿದೆ. ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು. ಆಯಿ ಸೀರೆಯ ತುಂಡು ತಂದು ಒಳಗೆಲ್ಲ ಒರೆಸಿದಳು. ನಾನು ಉಪ್ಪಿನ ಮೂಟೆ ಬಿಚ್ಚಿ, ತಕ್ಕಡಿಯ ಮೇಲೆ ಮರಿಗೆ ಇಟ್ಟು, ಮೂರು ಕಿಲೋ ತೂಗಿದೆ.